ಕೈ ಎತ್ತಿದೆ, ಬಾಯಿ ಬಿಡಲಿಲ್ಲ

ಹಗ್ಗದ ಮೊದಲ ಕಂಬದ ಬುಡದಲ್ಲಿ ಒಂದು ಕಲ್ಲು ನೆಡುತ್ತಾರಂತೆ, ಅದರ ಮೇಲೆ ನನ್ನ ಹೆಸರು ಕೆತ್ತಿಸುತ್ತಾರಂತೆ ಎಂದು ಮಗಳು ಮಹಾನಂದಾ ಬಂದು ಹೇಳಿದಾಗ ನಾನು ಅಂಗಡಿಯಲ್ಲಿ ಒಂದು ಹಳೆಯ ಕೈಗಡಿಯಾರ ಬಿಚ್ಚಿಕೊಂಡು ಕೂತಿದ್ದೆ. ಚಿಮಟಿಗೆಯಲ್ಲಿದ್ದ ಸ್ಕ್ರೂ ಜಾರಿ ಕೆಳಗೆ ಬಿತ್ತು. ಹುಡುಕಲು ಮೇಜಿನ ಅಡಿಗೆ ತಲೆ ಹಾಕಿದೆ. ಸ್ಕ್ರೂ ಕಣ್ಣೆದುರಿಗೇ ಇತ್ತು. ಆದರೂ ಬಹಳ ಹೊತ್ತು ಮೇಲೇಳಲಿಲ್ಲ. ಮಗಳಿಗೆ ಮುಖ ತೋರಿಸುವ ಧೈರ್ಯ ಇರಲಿಲ್ಲ, ಅಷ್ಟೇ.

ಅವಳು ನನ್ನ ಬೆನ್ನಿಗೇ ಹೇಳುತ್ತಿದ್ದಳು. ಸಂಘದವರು ತಮ್ಮ ಹೋರಾಟದ ಚರಿತ್ರೆ ಬರೆಯುವ ಕೆಲಸವನ್ನು ಅವಳಿಗೆ ವಹಿಸಿದ್ದಾರೆ. ಕಲ್ಲು ನೆಡುವ ದಿನ ಚಾವಡಿಯಲ್ಲಿ ಅದನ್ನು ಅವಳೇ ಓದಬೇಕು. ಮೊದಲ ಸಾಲು ಆಗಲೇ ಬರೆದಿಟ್ಟಿದ್ದಳು. 'ಊರಿಗೆ ಊರೇ ಹಗ್ಗ ಬಿಚ್ಚಲು ಹೂಂ ಎಂದ ದಿನ, ಹೂಂ ಎನ್ನದ ಒಬ್ಬನೇ ಒಬ್ಬ ಕಣ್ಣಿದ್ದವನು ನನ್ನ ಅಪ್ಪ.' ಚೆನ್ನಾಗಿದೆಯಾ ಅಪ್ಪಾ ಅಂದಳು. ಚೆನ್ನಾಗಿದೆ ಅಂದೆ. ಥೂ, ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಇದು ಅರ್ಥವಾಗಬೇಕಾದರೆ ಪಾಳಿಯ ಕಾಲದಿಂದ ಹೇಳಬೇಕು. ಆಗ ನಮ್ಮೂರಿನ ಹನ್ನೊಂದು ಓಣಿಗಳಿಗೂ ಪಾಳಿ ಬರುತ್ತಿತ್ತು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ತನಕ ಒಂದು ಓಣಿ. ಕಣ್ಣಿನ ಪಾಳಿಯಾದರೆ ಓಣಿಯವರೆಲ್ಲರಿಗೂ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಪಾಳಿಯಾದರೆ ಕೇಳುತ್ತಿರಲಿಲ್ಲ, ಕಾಲಿನ ಪಾಳಿಯಾದರೆ ಏಳಲಾಗುತ್ತಿರಲಿಲ್ಲ. ತಿಂಗಳು ಮುಗಿದರೆ ಎಲ್ಲ ವಾಪಸು. ಯಾರೂ ದೊಡ್ಡ ಸುದ್ದಿ ಮಾಡುತ್ತಿರಲಿಲ್ಲ. ಕಿವಿ ಪಾಳಿಯಲ್ಲಿ ಮದುವೆ ಇಟ್ಟುಕೊಂಡವರನ್ನು ವಾಲಗದ ಖರ್ಚು ಉಳಿಯಿತಲ್ಲ ಎಂದು ಗೇಲಿ ಮಾಡುತ್ತಿದ್ದರು, ಅಷ್ಟೇ. ಹುಟ್ಟಿನಿಂದಲೋ ರೋಗದಿಂದಲೋ ಯಾವಾಗಲೂ ಹಾಗೇ ಇದ್ದವರಿಗೆ ಕಾಯಂನವರು ಅನ್ನುತ್ತಿದ್ದೆವು. ಪಾಳಿ ಬಂದ ಓಣಿಗೆ ಅವರೇ ಗುರುಗಳು. ಹೇಗೆ ನಡೆಯಬೇಕು, ಒಲೆ ಹೇಗೆ ಹಚ್ಚಬೇಕು, ಕೈಯಲ್ಲಿ ಹೇಗೆ ಮಾತಾಡಬೇಕು ಎಂದು ಮನೆಮನೆಗೆ ಬಂದು ಕಲಿಸುತ್ತಿದ್ದರು. ತಪ್ಪಿದರೆ ಬೈಯುತ್ತಿದ್ದರು.

ಹಾಗಾಗಿ ಊರೂ ಅದಕ್ಕೆ ತಕ್ಕಂತೆ ಇತ್ತು. ಯಾವ ಬಾಗಿಲಿಗೂ ಮೆಟ್ಟಿಲಿರಲಿಲ್ಲ, ಇಳಿಜಾರು ಇತ್ತು. ಗೋಡೆಗುಂಟ ಕಂಬ ನೆಟ್ಟು ಸೊಂಟದ ಎತ್ತರಕ್ಕೆ ಊರೆಲ್ಲ ಹಗ್ಗ ಕಟ್ಟಿದ್ದರು. ಅಂಗಡಿಗೆ ಒಂದು ಗಂಟು, ಬಾವಿಗೆ ಎರಡು, ಬಾಣಂತಿ ಇರುವ ಮನೆಗೆ ಬಟ್ಟೆ ಸುತ್ತಿದ ಗಂಟು. ಚಾವಡಿಯ ಸಭೆಯಲ್ಲಿ ಒಪ್ಪಿಗೆ ಕೊಡಬೇಕಾದರೆ ಕೈ ಎತ್ತಿ ಬಾಯಿಬಿಟ್ಟು 'ಹೂಂ' ಅನ್ನಬೇಕು. ಕೈ ಕೇಳದವರಿಗೆ, ಹೂಂ ಕಾಣದವರಿಗೆ. ಎರಡೂ ಸೇರಿದರೆ ಒಂದು ಒಪ್ಪಿಗೆ. ಚಿಕ್ಕ ಮಕ್ಕಳು ಆಟದಲ್ಲೂ ಹಾಗೇ ಮಾಡುತ್ತಿದ್ದವು.

ಫಕೀರವ್ವ ಕಾಯಂನವಳು, ಹುಟ್ಟು ಕುರುಡಿ. ಬಾಣಂತಿಯರಿಗೂ ಕೂಸುಗಳಿಗೂ ಎರೆಯುವುದು ಅವಳ ಕೆಲಸ. ಬೆಳಗಿನ ಐದು ಗಂಟೆಗೆ ಎಣ್ಣೆ ಬಟ್ಟಲು ಸೆರಗಿನಲ್ಲಿ ಕಟ್ಟಿಕೊಂಡು ಹಗ್ಗ ಹಿಡಿದು ಹೊರಟರೆ, ಬಟ್ಟೆ ಸುತ್ತಿದ ಗಂಟು ಸಿಕ್ಕಲ್ಲಿ ಒಳಗೆ ಹೋಗುತ್ತಿದ್ದಳು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಅವಳು ನೀರು ಹಾಕುವುದನ್ನು ನೋಡಲು ಪಕ್ಕದ ಮನೆಯವರು ಬರುತ್ತಿದ್ದರು. ಎಂಥ ಅಳುಬುರುಕ ಕೂಸೂ ಅವಳ ಕೈಯಲ್ಲಿ ಸುಮ್ಮನಾಗುತ್ತಿತ್ತು.

ಮಹಾನಂದಾ ಹುಟ್ಟಿದ್ದು ನಮ್ಮ ಓಣಿಯ ಕಣ್ಣಿನ ಪಾಳಿಯಲ್ಲಿ. ನಾನು ಗಡಿಯಾರ ರಿಪೇರಿಯವನು, ಕಣ್ಣೇ ನನ್ನ ಅನ್ನ. ಆ ತಿಂಗಳು ಮೂಲೆಯಲ್ಲಿ ಕೂತು ಹೆಂಡತಿಯ ಮೇಲೂ ದೇವರ ಮೇಲೂ ಸಿಡುಕುತ್ತಿದ್ದೆ. ಕೂಸು ಹುಟ್ಟಿತು, ನೋಡಲಾಗಲಿಲ್ಲ. ಅತ್ತುಬಿಟ್ಟೆ. ಮೂರನೆಯ ದಿನ ಫಕೀರವ್ವ ಎರೆದು ಮುಗಿಸಿ, ಹಸಿ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ನನ್ನ ಬೆರಳು ಹಿಡಿದು ಕೂಸಿನ ಹಣೆಯ ಮೇಲೆ, ಮೂಗಿನ ಮೇಲೆ, ಕಿವಿಯ ಹಿಂದೆ ಮೆಲ್ಲಗೆ ಆಡಿಸಿದಳು. ಎಡಗಿವಿಯ ಹಿಂದೆ ಒಂದು ಸಣ್ಣ ಗಂಟಿತ್ತು. "ಇದು ನಿನ್ನ ಮಗಳ ಗುರುತು, ತಮ್ಮಾ. ನಿನ್ನ ಹೇಂತಿಗೆ ಕಣ್ಣು ಬಂದ ಮ್ಯಾಲೂ ಕಾಣೂದಿಲ್ಲ ಇದು, ನಿನಗ ಮೊದಲ ಗೊತ್ತಾತು," ಅಂದಳು. ಅವತ್ತಿನಿಂದ ನಾನು ಅವಳನ್ನು ಯಕ್ಕಾ ಎಂದು ಕರೆಯತೊಡಗಿದೆ. ನನಗೆ ಒಡಹುಟ್ಟಿದ ಅಕ್ಕ ಇರಲಿಲ್ಲ.

ಆಮೇಲೆ ಮೂರು ವರ್ಷ ಪಾಳಿ ಬಂತು. ನಾಲ್ಕನೆಯ ವರ್ಷ ಬರಲಿಲ್ಲ. ಮೊದಮೊದಲು ಜನ ಪ್ರತಿ ಅಮಾವಾಸ್ಯೆಗೂ ನೀರು ತುಂಬಿಟ್ಟುಕೊಂಡು, ಕೋಲು ಹುಡುಕಿಟ್ಟುಕೊಂಡು ಕಾಯುತ್ತಿದ್ದರು. ಐದನೆಯ ವರ್ಷಕ್ಕೆ ಕೋಲುಗಳು ಒಲೆ ಸೇರಿದವು. ಆರನೆಯ ವರ್ಷಕ್ಕೆ ಕೈಮಾತು ಮರೆತೇ ಹೋಯಿತು. ಹೊಸ ಚಾವಡಿ ಕಟ್ಟಿದರು, ಅದಕ್ಕೆ ಆರು ಮೆಟ್ಟಿಲು. ಆ ಹೊತ್ತಿಗೇ ಊರಿನ ಬಾಯಿಗೆ ಒಂದು ಹೊಸ ಮಾತು ಬಂದಿತ್ತು: ಪಾಪ. ಫಕೀರವ್ವ ದಾಟಿಹೋದರೆ ಪಾಪ. ಕೇಳಿಸದ ದರ್ಜಿ ಈರಣ್ಣ ಬಂದರೆ ಪಾಪ. ಕಾಲಿಲ್ಲದ ಹುಸೇನಸಾಬ ನಾಲ್ಕು ಗಾಲಿಯ ಹಲಗೆ ತಳ್ಳಿಕೊಂಡು ಬಂದರೆ ಅಯ್ಯೋ ಪಾಪ. ಕೆಲವೇ ವರ್ಷದ ಹಿಂದೆ ಇವರಿಂದ ಬೈಸಿಕೊಂಡು ನಡೆಯಲು ಕಲಿತವರೇ ಹೀಗಂದರು. ನಾನೂ ಅಂದಿರಬೇಕು.

ಹಗ್ಗ ಬಿಚ್ಚುವ ಮಾತು ಎತ್ತಿದವನು ಬಟ್ಟೆ ಅಂಗಡಿಯ ಸಂಗನಬಸಪ್ಪ. ಪೇಟೆಯವರಿಗೆಲ್ಲ ಅವನೇ ಹಿರಿಯ. ಹಗ್ಗ ಅಡ್ಡವಿದ್ದರೆ ಗಿರಾಕಿ ಒಳಗೆ ಬರುವುದಿಲ್ಲ, ಗಾಜಿನ ಕಪಾಟು ಇಡಲಾಗುವುದಿಲ್ಲ, ಪೇಟೆ ದನದ ಕೊಟ್ಟಿಗೆಯ ಹಾಗೆ ಕಾಣುತ್ತದೆ ಎಂದು ಮನೆಮನೆಗೆ ಹೇಳಿಕೊಂಡು ಬಂದ. ನನಗೂ ಒಂದು ಗಾಜಿನ ಕಪಾಟಿನ ಆಸೆ ಇತ್ತು. ಸುಳ್ಳು ಯಾಕೆ ಹೇಳಲಿ, ಅಳತೆ ಕೂಡ ತೆಗೆದಿಟ್ಟಿದ್ದೆ.

ಸಭೆ ಸೇರಿತು. ಹುಸೇನಸಾಬ ಮೆಟ್ಟಿಲು ಹತ್ತಲಾಗದೆ ಕೆಳಗೇ ಉಳಿದ. ಒಳಗೆ ಕಾಣದ ಕಾಯಂನವರು ಒಂದು ಮೂಲೆಯಲ್ಲಿ, ಕೇಳದ ಕಾಯಂನವರು ಇನ್ನೊಂದು ಮೂಲೆಯಲ್ಲಿ ಕೂತಿದ್ದರು. ಆ ಎರಡು ಮೂಲೆಯವರ ನಡುವೆ ಆಗ ಅಂಥ ಬಳಕೆಯೇನೂ ಇರಲಿಲ್ಲ. ಒಬ್ಬರ ಮಾತು ಒಬ್ಬರಿಗೆ ಮುಟ್ಟಿಸುವುದೇ ಕಷ್ಟ. ಸಂಗನಬಸಪ್ಪ ಬೆಣ್ಣೆ ಸವರಿದ ಹಾಗೆ ಮಾತಾಡಿದ. ಹಗ್ಗ ಹೋದರೆ ಏನಾಯಿತು, ನಾವೆಲ್ಲ ಇಲ್ಲವೇ, ಕೈ ಹಿಡಿದು ಕರೆದುಕೊಂಡು ಹೋಗುತ್ತೇವೆ, ಅದು ನಮ್ಮ ಪುಣ್ಯ ಅಂದ. ಫಕೀರವ್ವ ಎದ್ದು ನಿಂತಳು.

"ಮುಂಜಾನೆ ಐದಕ್ಕ ನಾ ಎರಿಯಾಕ ಹೋಗ್ತೀನ್ರಿ. ಆವಾಗ ಯಾರ ಕೈ ಹಿಡೀಲಿ, ನಿಮ್ದ?"

ಜನ ನಕ್ಕರು. ನಗು ಮುಗಿದ ಮೇಲೆ ಸಂಗನಬಸಪ್ಪ ಕೇಳಿದ, ಹಗ್ಗ ಬಿಚ್ಚುವುದಕ್ಕೆ ಯಾರ ಯಾರ ಒಪ್ಪಿಗೆ ಇದೆ? ಒಂದರ ಮೇಲೊಂದು ಕೈ ಎದ್ದವು, ಹೂಂ ಹೂಂ ಎಂದು ಚಾವಡಿ ತುಂಬಿತು. ನನ್ನ ಎಡಕ್ಕೂ ಬಲಕ್ಕೂ ಪೇಟೆಯವರು. ಎಡದವನು ನನ್ನ ಕಡೆ ತಿರುಗಿ ನೋಡಿದ. ಎದುರಿಗೆ, ನಾಲ್ಕು ಮಾರು ದೂರದಲ್ಲಿ ಫಕೀರವ್ವ ಕಿವಿ ನಿಗುರಿಸಿಕೊಂಡು ನಿಂತಿದ್ದಳು. ಊರಿನ ಒಂದೊಂದು ದನಿಯೂ ಅವಳಿಗೆ ಗೊತ್ತು. ನಾನು ಕೈ ಎತ್ತಿದೆ. ಬಾಯಿ ಬಿಡಲಿಲ್ಲ.

ಇದಕ್ಕಿಂತ ನಾಚಿಕೆಗೇಡಿನ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಬಾಯಿಬಿಟ್ಟು ಹೂಂ ಅಂದಿದ್ದರೂ ಒಂದು ಮರ್ಯಾದೆ ಇರುತ್ತಿತ್ತು. ಪೇಟೆಯವರಿಗೆ ಕೈ ತೋರಿಸಿದೆ, ಅವಳಿಗೆ ಮೌನ ಕೊಟ್ಟೆ, ಎರಡೂ ಕಡೆ ಒಳ್ಳೆಯವನಾದೆ. ಆ ಕ್ಷಣಕ್ಕೆ ನನ್ನ ಜಾಣತನಕ್ಕೆ ನಾನೇ ಮೆಚ್ಚಿದ್ದೆ, ಅದನ್ನೂ ಹೇಳಿಬಿಡುತ್ತೇನೆ.

ಮರುದಿನ ಬೆಳಿಗ್ಗೆ, ಹಗ್ಗ ಇನ್ನೂ ಇತ್ತು, ಅದನ್ನು ಹಿಡಿದು ಅವಳು ನನ್ನ ಅಂಗಡಿಗೆ ಬಂದಳು. ಬಾಗಿಲಲ್ಲೇ ನಿಂತು ಅಂದಳು: "ನಿನ್ನೆ ನಿನ್ನ ದನಿ ಕೇಳಲಿಲ್ಲೋ ತಮ್ಮಾ. ಅಷ್ಟು ಮಂದ್ಯಾಗ ನಿಂದೊಂದ ಕೇಳಲಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. ನಾನು ಏನೂ ಹೇಳಲಿಲ್ಲ. ಸುಮ್ಮನಿರುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ವಾರದೊಳಗೆ ಹಗ್ಗ ಬಿಚ್ಚಿದರು. ನಾನು ಅಂಗಡಿಯ ಮುಂದಿನ ಇಳಿಜಾರು ಒಡೆಸಿ ಎರಡು ಮೆಟ್ಟಿಲು ಕಟ್ಟಿಸಿದೆ, ಮೇಲೆ ಗಾಜಿನ ಕಪಾಟು ಇಡಿಸಿದೆ. ಕೈ ಹಿಡಿದು ಕರೆದುಕೊಂಡು ಹೋಗುತ್ತೇವೆ ಅಂದವರು ಎರಡು ದಿನ ಬಂದರು, ಮೂರನೆಯ ದಿನಕ್ಕೆ ಐದು ಗಂಟೆಯ ಚಳಿ ಅವರಿಗೆ ನೆನಪಾಯಿತು. ಫಕೀರವ್ವ ಒಬ್ಬಳೇ ಹೊರಟಳು. ಗೋಡೆ ಸವರಿಕೊಂಡು, ಹೆಜ್ಜೆ ಎಣಿಸಿಕೊಂಡು ಬಂದು ದಾರಿ ತಪ್ಪಿದಾಗ, ಅಡಿವೆಪ್ಪನ ಅಂಗಡಿ ಇಲ್ಲೇ ಎಲ್ಲೋ ಇರಬೇಕು, ಅವನು ಇದ್ದಾನೆ ಎಂದು ನನ್ನ ಬಾಗಿಲ ಕಡೆ ತಿರುಗಿದ್ದಾಳೆ. ಇಳಿಜಾರು ಇದ್ದ ಜಾಗದಲ್ಲಿ ಮೆಟ್ಟಿಲಿತ್ತು. ಎಣ್ಣೆ ಬಟ್ಟಲು ಕಲ್ಲಿಗೆ ಬಡಿದ ಸದ್ದಿಗೆ, ಅಂಗಡಿಯ ಹಿಂದಿನ ಮನೆಯಲ್ಲಿ ಮಲಗಿದ್ದ ನಾನು ಎದ್ದು ಬಂದು ಬಾಗಿಲು ತೆಗೆದೆ. ಬಿದ್ದಿದ್ದಳು, ಬಲಗೈಯ ಮಣಿಕಟ್ಟು ಅಡಿಗೆ ಸಿಕ್ಕಿ ಮುರಿದಿತ್ತು. ಎಬ್ಬಿಸಿದಾಗ ಅವಳು ಕೇಳಿದ್ದು ಒಂದೇ ಮಾತು, ಇದು ಯಾವಾಗ ಕಟ್ಟಿಸಿದಿ?

ಆ ಮಣಿಕಟ್ಟು ನೆಟ್ಟಗಾಗಲಿಲ್ಲ. ಸೊಟ್ಟಗೈಗೆ ಹಸಿ ಕೂಸು ಕೊಡಲು ಯಾರಿಗೆ ಧೈರ್ಯ? ಕೂಸಿಗೆ ಎರೆಯುವ ಕೆಲಸ ಅಲ್ಲಿಗೆ ಮುಗಿಯಿತು. ನನ್ನ ಮಗಳ ಕಿವಿಯ ಹಿಂದಿನ ಗಂಟು ತೋರಿಸಿಕೊಟ್ಟ ಕೈ ಅದು.

ಅದಾಗಿ ಹದಿನೈದು ದಿನಕ್ಕೆ ಊರು ಹಿಂದೆಂದೂ ಕಾಣದ್ದನ್ನು ಕಂಡಿತು. ಫಕೀರವ್ವ, ಈರಣ್ಣ, ಹುಸೇನಸಾಬ ಮೂವರೂ ಒಟ್ಟಿಗೆ ಓಣಿ ಓಣಿ ತಿರುಗತೊಡಗಿದರು. ಅವಳು ಹೇಳಿದ್ದನ್ನು ಹುಸೇನಸಾಬ ಕೈಯಲ್ಲಿ ಈರಣ್ಣನಿಗೆ ದಾಟಿಸುತ್ತಿದ್ದ, ಈರಣ್ಣ ಹೇಳಿದ್ದನ್ನು ಬಾಯಲ್ಲಿ ಅವಳಿಗೆ. ಮನೆಯೊಳಗೆ ಬಚ್ಚಿಟ್ಟಿದ್ದ ಕಾಯಂನವರೆಲ್ಲ ಹೊರಗೆ ಬಂದರು. ಸಂಘವಾಯಿತು. ಚಾವಡಿಗೆ ಅರ್ಜಿ ಕೊಟ್ಟರು. ಸಂಗನಬಸಪ್ಪ ಕಂಬಳಿ ಹಂಚಿಸಿದ. ಕಂಬಳಿಗಳನ್ನು ಚಾವಡಿಯ ಮೆಟ್ಟಿಲ ಮೇಲೆ ಮಡಿಸಿಟ್ಟು ಬಂದರು. ಕೊನೆಗೆ ಒಂದು ಸಂತೆಯ ದಿನ, ಹಗ್ಗ ಇದ್ದ ಜಾಗದಲ್ಲೇ, ಊರಿನ ಈ ತುದಿಯಿಂದ ಆ ತುದಿಗೆ ಕೈ ಕೈ ಹಿಡಿದು ಗೋಡೆಗುಂಟ ನಿಂತರು. ನಿಲ್ಲಲಾಗದವರು ಕೂತರು. ಅಂಗಡಿಗೆ ಹೋಗುವವರು ಅವರನ್ನು ದಾಟಿಯೇ ಹೋಗಬೇಕು. ಯಾರೂ ಬೈಯಲಿಲ್ಲ, ಕೂಗಲಿಲ್ಲ. ಹನ್ನೊಂದು ದಿನ ನಿಂತರು. ದಾಟುವವರ ಹೆಸರನ್ನು ಮಾತ್ರ ಸಣ್ಣ ದನಿಯಲ್ಲಿ ಹೇಳುತ್ತಿದ್ದರು, ನಿನಗೆ ನಡೆಯಲು ಕಲಿಸಿದ್ದು ನಾನು, ಇಂಥ ವರ್ಷ, ಇಂಥ ತಿಂಗಳು.

ನನ್ನ ಮೆಟ್ಟಿಲ ಮುಂದೆ ನಿಂತಿದ್ದವಳು ಫಕೀರವ್ವ. ನಾನು ಒಂದು ಕೊಡ ನೀರು ತಂದಿಟ್ಟೆ. ಅಷ್ಟೇ ಮಾಡಿದ್ದು. ಹನ್ನೆರಡನೆಯ ದಿನ ಚಾವಡಿ ಸೋತಿತು. ಹಗ್ಗ ವಾಪಸು ಬಂತು, ಮೆಟ್ಟಿಲುಗಳನ್ನು ಒಡೆಸಿದರು. ಕಾಯಂನವರು ಒಳಗೆ ಕೂತಿರದ ಸಭೆಯಲ್ಲಿ ಅವರ ವಿಷಯ ಎತ್ತಕೂಡದು ಎಂದು ಗೋಡೆಗೆ ಬರೆಸಿದರು. ಆಮೇಲೆ ಸಂಘದವರು ಎಲ್ಲೇ ಮಾತಾಡಲಿ, ಮೊದಲು ನನ್ನ ಕಥೆ. ಅವತ್ತು ಹೂಂ ಅನ್ನದ ಅಡಿವೆಪ್ಪ, ನೀರು ಕೊಟ್ಟ ಅಡಿವೆಪ್ಪ. ನನಗೆ ಹಾರ ಹಾಕಿದರು, ಶಾಲು ಹೊದಿಸಿದರು. ಕೈ ಎತ್ತಿದ್ದನ್ನು ಕಂಡ ಪೇಟೆಯವರು ತಮ್ಮ ಕೈಯೂ ಎದ್ದಿತ್ತಲ್ಲ ಎಂದು ತೆಪ್ಪಗಿದ್ದರು. ಪ್ರತಿ ಸಲವೂ ಹೇಳಿಬಿಡೋಣ ಅಂದುಕೊಳ್ಳುತ್ತಿದ್ದೆ. ಪ್ರತಿ ಸಲವೂ ಶಾಲು ಹೊದ್ದು ಮನೆಗೆ ಬರುತ್ತಿದ್ದೆ. ಹೀಗೆ ಇಪ್ಪತ್ತೆರಡು ವರ್ಷ.

ಆದರೆ ಮಗಳು ಬರೆದ ಆ ಸಾಲು ಕೇಳಿದ ಮೇಲೆ ಅನ್ನ ಸೇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಫಕೀರವ್ವನ ಮನೆಗೆ ಹೋದೆ. ಪಡಸಾಲೆಯಲ್ಲಿ ಕೂತು ಎಡಗೈಯಿಂದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಳು. ಕೂತೆ, ಬೆವರು ಒರೆಸಿಕೊಂಡೆ, ಹೇಳಿದೆ.

"ಯಕ್ಕಾ, ಅವತ್ತ ನಾ ಕೈ ಎತ್ತಿದ್ದೆ."

"ಗೊತ್ತೈತಿ," ಅಂದಳು. ಕಲ್ಲು ಹುಡುಕುವುದನ್ನು ನಿಲ್ಲಿಸಲಿಲ್ಲ.

ಯಾವಾಗಿನಿಂದ ಎಂದು ಕೇಳಿದೆ. ಕೈ ಮುರಿದ ಎಂಟನೆಯ ದಿನದಿಂದ ಅಂದಳು. ಈರಣ್ಣ ನೋಡಲು ಬಂದಿದ್ದನಂತೆ. ಪಾಳಿಯ ಕಾಲದಲ್ಲಿ ಅವಳು ಮುಟ್ಟಿ ಮುಟ್ಟಿ ಕಲಿತಿದ್ದ ಅಕ್ಷರಗಳನ್ನು ಅಂಗೈ ಮೇಲೆ ಬೆರಳಿನಿಂದ ಬರೆದು ಮಾತಾಡುವುದನ್ನು ಆಗಷ್ಟೇ ಇಬ್ಬರೂ ಶುರು ಮಾಡಿದ್ದರು. ಇಡೀ ಊರಲ್ಲಿ ನಮ್ಮವನು ಅಡಿವೆಪ್ಪ ಒಬ್ಬನೇ ಎಂದು ಅವಳು ಬರೆದಳು. ಅವನು ಅವಳ ಅಂಗೈಗೆ ಫಟ್ಟನೆ ಹೊಡೆದ. ಇಲ್ಲ, ಅವನೂ ಎತ್ತಿದ, ನಾನು ಕಣ್ಣಾರೆ ಕಂಡಿದ್ದೇನೆ. ಇವಳು, ಸುಳ್ಳು, ಅವನ ದನಿ ಬರಲಿಲ್ಲ, ನಾನು ಕಿವಿಯಾರೆ ಕೇಳಿದ್ದೇನೆ. ಅರ್ಧ ಗಂಟೆ ಜಗಳವಾಡಿದರಂತೆ.

"ಆಮ್ಯಾಲ ಇಬ್ಬರೂ ಸುಮ್ಮನಾದ್ವಿ. ತಿಳೀತಲ್ಲ," ಅಂದಳು. "ನಾ ಒಬ್ಬಾಕೀನ ಇದ್ರ ನನಗ ಮೋಸ ಮಾಡಬಹುದು. ಅವ ಒಬ್ಬನ ಇದ್ರ ಅವಗ ಮಾಡಬಹುದು. ಇಬ್ಬರೂ ಕೂಡಿ ಕುಂತ್ರ ಆಗೂದಿಲ್ಲ. ಮರುದಿನಾನ ಹುಸೇನಸಾಬನ ಮನಿಗೆ ಹೋದ್ವಿ. ಸಂಘ ಹುಟ್ಟಿದ್ದು ಹಂಗ, ತಮ್ಮಾ. ನಿನ್ನ ಕೈಯಿಂದನ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಾಗಾದರೆ ಇಷ್ಟು ವರ್ಷ ಯಾಕೆ ಹಾರ ಹಾಕಿದಿರಿ ಅಂದೆ. ಅವಳು ಮೊರ ಕೆಳಗಿಟ್ಟಳು.

"ನಮ್ಮ ಮಾತು ನಮ್ಮ ಬಾಯಾಗ ಬಂದ್ರ ಪಾಪ ಅಂತಿದ್ರು. ಅಡಿವೆಪ್ಪನೂ ಹಿಂಗ ಅಂತಾನ ಅಂದ್ರ, ಹೌದಲ್ಲ ಅಂತಿದ್ರು. ನಮಗ ಕಣ್ಣು ಕಿವಿ ಕಾಲು ಎಲ್ಲಾ ಇದ್ದವನ ಹೆಸರೊಂದು ಬೇಕಾಗಿತ್ತು, ನಿಂದು ತಗೊಂಡ್ವಿ. ಹಂಗ ತಗೋಬೇಕಾತಲ್ಲ ಅಂತ ನಮಗೂ ನಾಚಿಕಿ ಆಗತಿತ್ತು. ಪ್ರತಿ ಸಲ ಆಗತಿತ್ತು."

ಕಲ್ಲಿನಿಂದ ಹೆಸರು ತೆಗೆಸು ಯಕ್ಕಾ, ಕಾಲಿಗೆ ಬೀಳುತ್ತೇನೆ ಅಂದೆ. ಬೇಡ ಅಂದಳು. ಈಗ ಅವರಿಗೆ ನನ್ನ ಹೆಸರಿನ ಗರಜು ಇಲ್ಲವಂತೆ, ಅದಕ್ಕೇ ಈಗ ನಿಜ ಹೇಳಬಹುದಂತೆ. ಹೆಸರು ಇರಲಿ, ಯಾಕೆ ಇದೆ ಎಂದು ಕಲ್ಲು ನೆಡುವ ದಿನ ಊರಿಗೆ ಗೊತ್ತಾಗಲಿ. ನನ್ನನ್ನು ಕ್ಷಮಿಸಿದೆಯಾ ಎಂದು ಕೇಳಿದೆ. ಅದನ್ನು ಆಮೇಲೆ ನೋಡೋಣ ಅಂದಳು. ಮಗಳಿಗೆ ಮೊದಲೇ ಹೇಳಲೇ ಅಂದಾಗ, "ನಿನ್ನ ಮಗಳು, ನಿನ್ನ ಬಾಯಿ," ಅಂದು ಮೊರ ಎತ್ತಿಕೊಂಡಳು. ನಾನು ಮನೆಗೆ ಬಂದು ಮಗಳಿಗೆ ಹೇಳಲಿಲ್ಲ. ನಾಲ್ಕು ದಿನ ಸಮಯವಿತ್ತು, ನಾಲ್ಕು ದಿನವೂ ಹೇಳಲಿಲ್ಲ.

ಕಲ್ಲು ನೆಡುವ ದಿನ ಚಾವಡಿ ಕಿಕ್ಕಿರಿದಿತ್ತು. ಕಾಯಂನವರು ಮುಂದಿನ ಸಾಲಿನಲ್ಲಿ ಬೆರೆತು ಕೂತಿದ್ದರು, ಕಾಣದವರ ಪಕ್ಕ ಕೇಳದವರು, ಅವರ ಪಕ್ಕ ಹಲಗೆಯವರು. ಸಂಗನಬಸಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮಹಾನಂದಾ ಹೊಸ ಸೀರೆ ಉಟ್ಟು ಕಾಗದ ಹಿಡಿದು ನಿಂತು ಓದಿದಳು. ಪಕ್ಕದಲ್ಲಿ ಹುಸೇನಸಾಬ ಅದನ್ನೆಲ್ಲ ಕೈಯಲ್ಲಿ ಹೇಳುತ್ತಿದ್ದ. ಮೊದಲ ಸಾಲಿಗೇ ಚಪ್ಪಾಳೆ. ಮಗಳು ಓದು ನಿಲ್ಲಿಸಿ ನನ್ನ ಕಡೆ ನೋಡಿ ನಕ್ಕಳು. ಈರಣ್ಣ ಮಾತ್ರ ನನ್ನನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದ.

ಓದು ಮುಗಿದ ಮೇಲೆ ಫಕೀರವ್ವ ಎದ್ದಳು. ಸೊಟ್ಟಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು.

"ಇಪ್ಪತ್ತೆರಡು ವರ್ಷದ ಹಿಂದಿನ ಸಭಾ ಇನ್ನೂ ಮುಗಿದಿಲ್ಲ," ಅಂದಳು. "ಒಂದು ಒಪ್ಪಿಗಿ ಅರ್ಧ ಉಳದೈತಿ. ಅವತ್ತಿನ ಮಾತು ಇನ್ನೊಮ್ಮೆ ಕೇಳ್ತೀನಿ. ಹಗ್ಗ ಬಿಚ್ಚೂದಕ್ಕ ಯಾರ ಒಪ್ಪಿಗಿ ಇತ್ತು?"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳ ಮುಖದಲ್ಲಿ ನಗು ಇನ್ನೂ ಉಳಿದಿತ್ತು, ಅವಳಿಗೆ ಏನೂ ತಿಳಿದಿರಲಿಲ್ಲ. ನಾನು ಎದ್ದು ನಿಂತೆ. ಕೈ ಎತ್ತಿದೆ. ಅವತ್ತಿನ ಹಾಗೆಯೇ ಅದು ಸಲೀಸಾಗಿ ಮೇಲೆ ಹೋಯಿತು. ಹುಸೇನಸಾಬನ ಕೈಗಳು ಗಾಳಿಯಲ್ಲಿ ಹಾಗೇ ನಿಂತವು. ಮಹಾನಂದಾ ನನ್ನ ಕೈ ನೋಡಿದಳು, ಕಾಗದ ನೋಡಿದಳು, ಮತ್ತೆ ನನ್ನ ಕೈ ನೋಡಿದಳು. ನಗು ಹೋಯಿತು.

ಫಕೀರವ್ವ ನನ್ನ ಕಡೆಗೆ ಕಿವಿ ಕೊಟ್ಟು ಕಾಯುತ್ತಿದ್ದಳು.

"ನಿನ್ನ ದನಿ ಕೇಳಲಿಲ್ಲೋ ತಮ್ಮಾ," ಅಂದಳು.

ಮಗಳ ಮುಖದಿಂದ ಕಣ್ಣು ಕೀಳದೆ, ಎತ್ತಿದ ಕೈ ಇಳಿಸದೆ, ಹೊರಗೆ ಹಗ್ಗ ಹಿಡಿದು ನಡೆಯುತ್ತಿದ್ದವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೂಂ ಅಂದೆ.